ಕುಂಬಾರ ಹುಳದ ಗೂಡಿಗೆ ನುಗ್ಗುವ ಕಿರುಕಣಜಗಳು: ನೋಡಿ ಗುರುತಿಸುವ ಬಗೆ

ದಸರೆಗೆ ಮುಂಚೆ ನಮ್ಮ ಕೊಪ್ಪಳದ ಮನೆಗೆ ಸುಣ್ಣ ಹೊಡೆಸುವಾಗ ಪಡಸಾಲೆಯ ಮೂಲೆಯಿಂದ ಒಂದು ಮಣ್ಣಿನ ಗೂಡು ಉದುರಿ ಬಿತ್ತು. ಎರೆ ಮಣ್ಣಿನದು, ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ. ಕಸದ ಜೊತೆ ಹೋಗಬೇಕಿತ್ತು. ನಾನು ಎತ್ತಿ ಉಪ್ಪಿನಕಾಯಿ ಬಾಟಲಿಗೆ ಹಾಕಿ, ಬಾಯಿಗೆ ಹಳೆ ಸೀರೆಯ ತುಂಡು ಕಟ್ಟಿ ಕಿಟಕಿಯಲ್ಲಿಟ್ಟೆ. ಒಂದು ದಿನ ಕಪ್ಪು ಹಳದಿ ಕಣಜ ಹೊರಗೆ ಬರುತ್ತದೆ ಅಂತ ಕಾದೆ. ಎರಡು ವಾರದ ಮೇಲೆ ನೋಡಿದರೆ ಬಾಟಲಿಯ ತಳದಲ್ಲಿ ಯಾರೋ ಕರಿ ಗಸಗಸೆ ಚೆಲ್ಲಿದ ಹಾಗಿತ್ತು. ಆ ಗಸಗಸೆ ನಡೆದಾಡುತ್ತಿತ್ತು.

ಸೀರೆಯ ಬಟ್ಟೆ ಅವಕ್ಕೆ ಬಾಗಿಲೇ ಅಲ್ಲ. ಪಕ್ಕದ ಬಾಟಲಿಯಲ್ಲಿದ್ದ ಇನ್ನೆರಡು ಗೂಡಿಗೂ ಹೊಕ್ಕವು. ಆ ವರ್ಷ ನನ್ನ ಬಾಟಲಿಗಳಿಂದ ಒಂದೇ ಒಂದು ಕುಂಬಾರ ಹುಳವೂ ಹೊರಬರಲಿಲ್ಲ.

ಅವತ್ತಿನಿಂದ ಈ ಕಳ್ಳರನ್ನು, ಅಂದರೆ ಬೇರೆಯವರ ಗೂಡಿಗೆ ನುಗ್ಗಿ ಮೊಟ್ಟೆ ಇಡುವ ಕಿರುಕಣಜಗಳನ್ನು ಗುರುತಿಸುವುದನ್ನು ಕಲಿಯುತ್ತಾ ಬಂದಿದ್ದೇನೆ. ಕಲಿತದ್ದರಲ್ಲಿ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಹುಳವನ್ನು ಹಿಡಿದು ನೋಡುವುದು ಕೊನೆಯ ಕೆಲಸ. ಯಾರ ಗೂಡು, ತೂತು ಎಲ್ಲಿದೆ, ಎಷ್ಟು ದೊಡ್ಡದು, ಒಳಗೆ ಏನು ಉಳಿದಿದೆ, ಯಾವ ತಾರೀಖಿಗೆ ಹೊರಬಂತು, ಇವಿಷ್ಟು ಗೊತ್ತಿದ್ದರೆ ಅರ್ಧಕ್ಕಿಂತ ಜಾಸ್ತಿ ಕೆಲಸ ಮುಗಿದ ಹಾಗೆ. ಇವು ಗೊತ್ತಿಲ್ಲದೆ ಬರೀ ಒಂದು ಮಿಲಿಮೀಟರ್ ಹುಳದ ಮಸುಕು ಫೋಟೋ ಇಟ್ಟುಕೊಂಡು "ಇದು ಯಾವುದು?" ಅಂತ ಕೇಳಿದರೆ ಎಂಥ ತಜ್ಞರಿಗೂ ಕಷ್ಟ.

ಮೊದಲು ಮನೆಯ ಯಜಮಾನ ಯಾರು ನೋಡಿ

ನಮ್ಮ ಕಡೆ ಗೋಡೆ, ಕಿಟಕಿ, ಬೀಗದ ತೂತು, ಹೊಲದ ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿ, ಎಲ್ಲ ಕಡೆ ಗೂಡು ಸಿಗುತ್ತವೆ. ಕಟ್ಟುವವರು ಬೇರೆ ಬೇರೆ. ಇವರ್‍ಯಾರೂ ಹೆಜ್ಜೇನಿನ ಹಾಗೆ ಗುಂಪಾಗಿ ಬದುಕುವವರಲ್ಲ. ಒಂದು ಹೆಣ್ಣು, ಒಂದು ಗೂಡು, ಕೂಲಿಯಾಳಿಲ್ಲ.

ಉದ್ದನೆಯ ಮಣ್ಣಿನ ಕೊಳವೆಗಳನ್ನು ಒತ್ತಟ್ಟಿಗೆ ಅಂಟಿಸಿ, ಮೇಲೆ ಇನ್ನಷ್ಟು ಮಣ್ಣು ಮೆತ್ತಿದ ಗಡ್ಡೆ ಇದ್ದರೆ ಅದು ಸ್ಕೆಲಿಫ್ರಾನ್ ಕಣಜದ್ದು. ಕಪ್ಪು ಮೈ, ಹಳದಿ ಕಾಲು, ದಾರದಂಥ ಸೊಂಟ. ಕೋಣೆಯೊಳಗೆ ಜೇಡಗಳನ್ನು ತುಂಬಿರುತ್ತದೆ. ನೀರಿನ ಮಡಕೆಯ ಆಕಾರದ, ಕತ್ತು ಬಾಯಿ ಎಲ್ಲ ಇರುವ ಚಿಕ್ಕ ಗೂಡಾದರೆ ಅದು ನಿಜವಾದ ಕುಂಬಾರ ಕಣಜದ್ದು. ಅದರಲ್ಲಿ ಜೇಡ ಇರುವುದಿಲ್ಲ, ಚುಚ್ಚಿ ಮರಗಟ್ಟಿಸಿದ ಕಂಬಳಿ ಹುಳದಂಥ ಮರಿಹುಳುಗಳಿರುತ್ತವೆ. ಅದರ ಮೊಟ್ಟೆ ಒಂದು ಎಳೆಯಲ್ಲಿ ಛಾವಣಿಯಿಂದ ಜೋತಾಡುತ್ತಿರುತ್ತದೆ. ಜನರು ಎರಡನ್ನೂ ಕುಂಬಾರ ಹುಳ ಅಂತಲೇ ಕರೆಯುತ್ತಾರೆ. ನಾನೂ ಹಾಗೇ ಕರೆಯುತ್ತೇನೆ. ಆದರೆ ಗುರುತು ಮಾಡುವಾಗ ಬೇರೆ ಬೇರೆ ಬರೆದುಕೊಳ್ಳಿ.

ಬಿದಿರಿನ ತುಂಡಿನ ಬಾಯಿಗೆ, ಬಾಗಿಲ ಚೌಕಟ್ಟಿನ ತೂತಿಗೆ ಹಸಿರೆಲೆಯ ದುಂಡನೆ ತುಣುಕುಗಳನ್ನು ಪದರ ಪದರವಾಗಿ ಮೆತ್ತಿದ್ದರೆ ಅದು ಎಲೆ ಕತ್ತರಿಸುವ ಜೇನು, ಮೆಗಾಕೈಲ್. ಅದೇ ಬಳಗದಲ್ಲಿ ಕೆಲವು ಎಲೆ ಬಿಟ್ಟು ಮರದ ಅಂಟನ್ನೋ ಮಣ್ಣನ್ನೋ ಬಳಸುತ್ತವೆ. ತೊಗರಿ ಹೊಲದಲ್ಲಿ ಹೂವಿನ ದಳ ಒತ್ತಿ ತೆರೆದು ಕೂರುವ, ಎದೆಯ ಮೇಲೆ ಕಂದು ಕೂದಲಿರುವ ಮೆಗಾಕೈಲ್ ಲನಾಟಾ ಇದೇ ಗುಂಪಿನದು. ರಾಯಚೂರು, ಕೊಪ್ಪಳದ ತೊಗರಿಗೆ ಈ ಒಂಟಿ ಜೇನುಗಳು ಮಾಡುವ ಉಪಕಾರ ಸಣ್ಣದಲ್ಲ. ಹೊಟ್ಟೆಯ ಅಡಿಯಲ್ಲಿ ಪರಾಗ ತುಂಬಿಕೊಂಡು ಹೋಗುತ್ತವೆ, ಕಾಲಿನಲ್ಲಲ್ಲ. ಒಮ್ಮೆ ಕಂಡರೆ ಮತ್ತೆ ಮರೆಯುವುದಿಲ್ಲ.

ಮಣ್ಣಿನ ಬಣ್ಣವನ್ನೂ ಬರೆದುಕೊಳ್ಳಿ. ಎರೆ ಹೊಲದ ಪಕ್ಕದ ಮನೆಯಲ್ಲಿ ಗೂಡು ಕಪ್ಪು, ಮಸಾರಿ ನೆಲದಲ್ಲಿ ಕೆಂಪು. ಒಂದೇ ಗೂಡಿನಲ್ಲಿ ಎರಡು ಬಣ್ಣದ ಮಣ್ಣು ಕಂಡರೆ ಹಳೆಯ ಗೂಡನ್ನು ಬೇರೆ ಯಾರೋ ಬಾಡಿಗೆಗೆ ಹಿಡಿದಿರಬಹುದು. ನೀಲಿ ಮಿಂಚಿನ ಮೈಯ ಕ್ಯಾಲಿಬಿಯಾನ್ ಕಣಜಕ್ಕೆ ಈ ಅಭ್ಯಾಸವಿದೆ.

ಇಲ್ಲೊಂದು ಮಾತು. ಹುಳವನ್ನು ತಂದು ಗೂಡಿನಲ್ಲಿಟ್ಟು ಭ್ರಮರ ಗುಂಯ್‌ಗುಡುತ್ತಾ ಕೂತರೆ ಆ ಹುಳವೇ ಭ್ರಮರವಾಗುತ್ತದೆ ಅನ್ನುವ ಕೀಟ ಭ್ರಮರ ನ್ಯಾಯ ನಮ್ಮ ಹಿರಿಯರಿಗೆ ಗೊತ್ತಿತ್ತು. ಹುಳ ಒಳಗೆ ಹೋದದ್ದನ್ನೂ ಕಣಜ ಹೊರಗೆ ಬಂದದ್ದನ್ನೂ ಅವರು ಸರಿಯಾಗಿಯೇ ನೋಡಿದ್ದರು. ನಡುವೆ ಮೊಟ್ಟೆ ಇದ್ದದ್ದು ಕಂಡಿರಲಿಲ್ಲ, ಅಷ್ಟೇ. ನಮ್ಮ ಇವತ್ತಿನ ವಿಷಯ ಮೂರನೆಯವರದ್ದು. ಒಳಗೆ ಹೋದ ಹುಳವೂ ಅಲ್ಲ, ಗೂಡು ಕಟ್ಟಿದ ಭ್ರಮರವೂ ಅಲ್ಲ, ಹೊರಗೆ ಬರುವವರು ಬೇರೆಯೇ.

ಸಾಮಾನು

ದುಬಾರಿಯದು ಏನೂ ಬೇಡ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಮಡಚುವ ಭೂತಗನ್ನಡಿ, ಮೊಬೈಲಿಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್, ಮಕ್ಕಳ ಬಣ್ಣದ ಪೆಟ್ಟಿಗೆಯ ತೆಳು ಕುಂಚ, ಬಿಳಿ ತಟ್ಟೆ, ಹೋಮಿಯೋಪತಿ ಮಾತ್ರೆಯ ಖಾಲಿ ಗಾಜಿನ ಬಾಟಲಿಗಳು, ಹತ್ತಿ, ಪೆನ್ಸಿಲ್. ಇನ್ನೊಂದು ವಸ್ತು ಎಲ್ಲಕ್ಕಿಂತ ಮುಖ್ಯ: ಶಾಲೆಯ ಗ್ರಾಫ್ ಹಾಳೆ. ಅದರ ಸಣ್ಣ ಚೌಕ ಸರಿಯಾಗಿ 1 ಮಿಲಿಮೀಟರ್. ಹುಳವನ್ನು ಅದರ ಮೇಲಿಟ್ಟು ಫೋಟೋ ತೆಗೆದರೆ ಅಳತೆ ತಾನಾಗಿಯೇ ಸಿಗುತ್ತದೆ. "ಸೊಳ್ಳೆಗಿಂತ ಸಣ್ಣದು" ಅಂತ ಬರೆದರೆ ಯಾರಿಗೂ ಉಪಯೋಗವಿಲ್ಲ.

ಹೊರಗೆ ಕೂತು ನೋಡುವುದು

ಬೆಳಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ಗೂಡಿಗೆ ನಾಲ್ಕೈದು ಅಡಿ ದೂರದಲ್ಲಿ ಸುಮ್ನೆ ಕೂತುಕೊಳ್ಳಿ. ನಮ್ಮ ಕಡೆ ಬೇಸಿಗೆಯ ಮಧ್ಯಾಹ್ನ 40 ಡಿಗ್ರಿ ದಾಟುತ್ತದೆ, ಆಗ ಹುಳವೂ ನೆರಳು ಹುಡುಕುತ್ತದೆ, ನೀವೂ ಹುಡುಕುತ್ತೀರಿ. ಮಳೆ ಬಿದ್ದು ಕಾಲುವೆ ಬದಿಯಲ್ಲಿ ಹಸಿ ಮಣ್ಣು ಸಿಗುವ ದಿನಗಳು ಒಳ್ಳೆಯವು. ನಾನು ಹೀಗೆ ಗೋಡೆ ನೋಡುತ್ತಾ ಕೂತಾಗ ಎದುರು ಮನೆಯ ಮುತ್ಯಾ ಕೇಳಿದ್ದು ಇಷ್ಟೇ: "ಏನ್ ಕಳಕೊಂಡೀಯೋ ತಮ್ಮಾ?"

ನಡವಳಿಕೆಯೇ ಹೆಸರು ಹೇಳುತ್ತದೆ. ಗೂಡಿನ ಯಜಮಾನಿ ನೇರವಾಗಿ ಬಂದು ನೇರವಾಗಿ ಒಳಹೋಗುತ್ತಾಳೆ. ಕಳ್ಳರು ಹಾಗಲ್ಲ. ಬಾಯಿಯ ಮುಂದೆ ತೂಗಾಡುತ್ತಾ ನಿಲ್ಲುವವರಿದ್ದಾರೆ, ಗೋಡೆಯ ಮೇಲೆ ನಡೆಯುತ್ತಾ ಮೀಸೆಯಿಂದ ತಟ್ಟಿ ತಟ್ಟಿ ನೋಡುವವರಿದ್ದಾರೆ, ಪಕ್ಕದಲ್ಲಿ ಕೂತು ಯಜಮಾನಿ ಹೊರಗೆ ಹೋಗುವುದನ್ನೇ ಕಾಯುವವರಿದ್ದಾರೆ. ಗಟ್ಟಿಯಾದ ಮಣ್ಣಿನ ಮೇಲೆ ಹೊಟ್ಟೆ ಎತ್ತಿ, ಮೊಟ್ಟೆ ಇಡುವ ಸೂಜಿ ಇಳಿಸಿ ಅಲ್ಲಾಡದೆ ನಿಂತ ಹುಳ ಕಂಡರೆ ನಿಮ್ಮ ಅದೃಷ್ಟ. ಅದು ತನ್ನ ಕೆಲಸ ಮುಗಿಸುವವರೆಗೆ ನೀವು ಬೇಕಾದಷ್ಟು ಫೋಟೋ ತೆಗೆಯಬಹುದು.

ಸ್ಟಾರ್ಟರ್ ಡಬ್ಬಿಯಲ್ಲಿ ಗೂಡಿದ್ದರೆ ಮೊದಲು ಕಂಬದ ಕರೆಂಟ್ ತೆಗೆಸಿ. ಹುಳದ ಹುಚ್ಚಿನಲ್ಲಿ ಇದನ್ನು ಮರೆಯುವವರಿದ್ದಾರೆ.

ಇದು ಕಣಜವೇ ಹೌದಾ?

ಹುಳ ಕಂಡ ತಕ್ಷಣ ಮೂರು ಪ್ರಶ್ನೆ ಕೇಳಿಕೊಳ್ಳಿ. ರೆಕ್ಕೆ ಎಷ್ಟು? ಎರಡೇ ಇದ್ದರೆ ನೊಣ, ನಾಲ್ಕಿದ್ದರೆ ಕಣಜ ಅಥವಾ ಜೇನು. ಹಿಂದಿನ ಜೋಡಿ ಚಿಕ್ಕದು, ಮುಂದಿನದಕ್ಕೆ ಅಂಟಿಕೊಂಡೇ ಇರುತ್ತದೆ, ಆದ್ದರಿಂದ ಕುಂಚದಿಂದ ಸರಿಸಿ ನೋಡಬೇಕು. ಮೀಸೆ ಹೇಗಿದೆ? ನೊಣದ ಮೀಸೆ ಸಾಮಾನ್ಯವಾಗಿ ಮೋಟು, ಕಾಣುವುದೇ ಕಷ್ಟ. ಕಿರುಕಣಜದ ಮೀಸೆ ಮೊಣಕೈ ಮಡಚಿದ ಹಾಗೆ ನಡುವೆ ಬಾಗಿರುತ್ತದೆ. ರೆಕ್ಕೆಯಲ್ಲಿ ನರ ಎಷ್ಟಿವೆ? ಇದು ಬಹಳ ಒಳ್ಳೆಯ ಗುರುತು. ಜೇನು, ಕುಂಬಾರ ಹುಳದ ರೆಕ್ಕೆಯಲ್ಲಿ ನರಗಳ ಜಾಲವೇ ಇರುತ್ತದೆ, ಹೊಲದ ಬದುಗಳ ಹಾಗೆ. ಕಿರುಕಣಜಗಳ ದೊಡ್ಡ ಗುಂಪಾದ ಚಾಲ್ಸಿಡ್‌ಗಳ ಮುಂರೆಕ್ಕೆಯಲ್ಲಿ ಅಂಚಿನುದ್ದಕ್ಕೂ ಒಂದೇ ನರ, ಅದಕ್ಕೊಂದು ಮೋಟು ಕವಲು. ಉಳಿದದ್ದೆಲ್ಲ ಖಾಲಿ ಬಯಲು.

ರೆಕ್ಕೆ ಇರುವ ಇರುವೆಗೂ ಮೀಸೆ ಬಾಗಿರುತ್ತದೆ. ಆದರೆ ಇರುವೆಯ ಸೊಂಟದಲ್ಲಿ ಒಂದೋ ಎರಡೋ ಗಂಟು ಎದ್ದು ಕಾಣುತ್ತದೆ, ರೆಕ್ಕೆಯ ನರಗಳೂ ಜಾಸ್ತಿ.

ಮೆಲಿಟೋಬಿಯಾ: ನಡೆದಾಡುವ ಗಸಗಸೆ

ಇದರ ಬಗ್ಗೆ ಉದ್ದವಾಗಿ ಬರೆಯುತ್ತೇನೆ. ಮನೆಯಲ್ಲಿ ಗೂಡು ಸಾಕುವವರಿಗೆ ನಿಜವಾದ ತಲೆನೋವು ಇದೊಂದೇ.

ಹೆಣ್ಣು 1ರಿಂದ 1.5 ಮಿಲಿಮೀಟರ್. ಕಪ್ಪು ಅಥವಾ ಕಡು ಕಂದು, ಹೊಳಪು ಮೈ, ಪಾರದರ್ಶಕ ರೆಕ್ಕೆ. ರೆಕ್ಕೆ ಇದ್ದರೂ ಹಾರುವುದಕ್ಕಿಂತ ಓಡುವುದು, ಪುಟ್ಟದಾಗಿ ನೆಗೆಯುವುದು ಜಾಸ್ತಿ. ಬಿಳಿ ತಟ್ಟೆಯ ಮೇಲೆ ಉದುರಿಸಿ ಬೆಳಕಿನ ಕಡೆಗೆ ಹಿಡಿದರೆ ಎಲ್ಲವೂ ಬೆಳಕಿನತ್ತ ಹೊರಡುತ್ತವೆ. ಹೊರಗೆ ನಿಂತು ನೋಡುವವರಿಗೆ ಇದು ಗೂಡಿಗೆ ಬರುವುದು ಕಾಣುವುದೇ ಇಲ್ಲ. ಗೂಡು ಮುಚ್ಚುವ ಮೊದಲೇ ಒಳಗೆ ಸೇರಿಕೊಳ್ಳಬಹುದು, ಆಮೇಲೆ ಕೊರೆದುಕೊಂಡೂ ಹೋಗಬಹುದು.

ಒಳಗೆ ಹೋದ ಹೆಣ್ಣು ಅವಸರ ಮಾಡುವುದಿಲ್ಲ. ಯಜಮಾನಿಯ ಮರಿಹುಳ ತಿಂದು ಬೆಳೆದು ಕೋಶವಾಗುವ (ರೂಪ ಬದಲಿಸಲು ಸುಮ್ಮನೆ ಮಲಗುವ) ಹೊತ್ತಿಗೆ ಅದನ್ನು ಚುಚ್ಚಿ, ಒಸರುವ ರಸ ಕುಡಿಯುತ್ತದೆ. ಹೊಟ್ಟೆ ಉಬ್ಬುತ್ತದೆ. ಆಮೇಲೆ ಅದೇ ಹುಳದ ಮೈಮೇಲೆ ಮೊಟ್ಟೆ ಇಡುತ್ತಾ ಹೋಗುತ್ತದೆ. ಒಂದೇ ದೊಡ್ಡ ಮರಿಹುಳದಿಂದ ನೂರಾರು ಮೆಲಿಟೋಬಿಯಾ ಬರಬಹುದು. ಸೆಕೆ ಇದ್ದರೆ ಮೊಟ್ಟೆಯಿಂದ ದೊಡ್ಡ ಹುಳವಾಗುವುದಕ್ಕೆ ಸುಮಾರು ಎರಡು ಮೂರು ವಾರ ಸಾಕು. ನಮ್ಮ ಊರಲ್ಲಿ ಸೆಕೆಗೆ ಬರವಿಲ್ಲ ಅಲ್ವಾ, ಆದ್ದರಿಂದ ಒಂದು ಹಂಗಾಮಿನಲ್ಲಿ ತಲೆಮಾರಿನ ಮೇಲೆ ತಲೆಮಾರು ಎದ್ದುಬಿಡುತ್ತದೆ.

ಹುಟ್ಟುವುದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಹೆಣ್ಣೇ. ಗಂಡು ಬೆರಳೆಣಿಕೆಯಷ್ಟು, ಅದೂ ಹೊರಗೆ ಬರುವುದಿಲ್ಲ. ಗೂಡು ಒಡೆದಾಗ ನೂರು ಕಪ್ಪು ಹುಳಗಳ ನಡುವೆ ಜೇನುತುಪ್ಪದ ಬಣ್ಣದ, ಮೋಟು ರೆಕ್ಕೆಯ, ದಪ್ಪ ಮೀಸೆಯ ಒಂದೆರಡು ವಿಚಿತ್ರ ಹುಳ ಕಂಡರೆ ಅದೇ ಗಂಡು. ಅದಕ್ಕೆ ಸರಿಯಾದ ಕಣ್ಣೂ ಇಲ್ಲ. ಬೇರೆ ಜಾತಿಯ ಹುಳ ಅಂತ ನಾನು ಮೊದಲು ಪ್ರತ್ಯೇಕ ಬಾಟಲಿಗೆ ಹಾಕಿದ್ದೆ. ಗಂಡುಗಳು ಒಳಗೇ ಒಂದನ್ನೊಂದು ಕಚ್ಚಿ ಸಾಯಿಸುವುದೂ ಉಂಟು. ಈ ಜೇನುಬಣ್ಣದ ಗಂಡು ಸಿಕ್ಕಿತೆಂದರೆ ಮೆಲಿಟೋಬಿಯಾ ಅಂತ ಧೈರ್ಯವಾಗಿ ಬರೆಯಿರಿ.

ಒಳ್ಳೆಯ ಸೂಕ್ಷ್ಮದರ್ಶಕ ಇದ್ದವರು ಪಾದದ ಗಂಟು ಎಣಿಸಬಹುದು. ಮೆಲಿಟೋಬಿಯಾ ಇರುವ ಯೂಲೋಫಿಡೇ ಕುಟುಂಬದವಕ್ಕೆ ಪಾದದಲ್ಲಿ ನಾಲ್ಕು ಗಂಟು. ಮುಂದೆ ಹೇಳುವ ಬೇರೆಯವಕ್ಕೆ ಐದು. ಭೂತಗನ್ನಡಿಯಲ್ಲಿ ಇದು ಆಗುವ ಕೆಲಸವಲ್ಲ, ಕಣ್ಣು ನೋವು ಮಾಡಿಕೊಳ್ಳಬೇಡಿ.

ಅಂದಹಾಗೆ ಇವು ಮನುಷ್ಯರಿಗೆ ಕಚ್ಚುವುದಿಲ್ಲ, ಚುಚ್ಚುವುದಿಲ್ಲ. ಅಂಗೈ ಮೇಲೆ ಬಿಟ್ಟುಕೊಂಡು ಮಕ್ಕಳಿಗೆ ತೋರಿಸಬಹುದು.

ಉಳಿದ ನಾಲ್ವರು

ಹಸಿರು ಮಿಂಚು, ಕೆಂಪು ಕಣ್ಣು, 3–4 ಮಿಲಿಮೀಟರ್ ಉದ್ದ, ಹಿಂದೆ ಬಾಲದ ಹಾಗೆ ಚಾಚಿದ ಸೂಜಿ. ಇದು ಟೋರಿಮಿಡೇ ಕುಟುಂಬದ್ದು. ಜೇನಿನ ಗೂಡಿನ ಮಟ್ಟಿಗೆ ಹೆಸರಾದದ್ದು ಮೊನೊಡಾಂಟೊಮೆರಸ್. ಜೇನು ಗೂಡು ಕಟ್ಟಲೆಂದು ತೂಗುಹಾಕಿದ ಬಿದಿರಿನ ಕಟ್ಟಿನ ಮೇಲೆ ಹಗಲಲ್ಲಿ ನಡೆಯುತ್ತಾ ಮೀಸೆ ಆಡಿಸುತ್ತದೆ. ಎಲೆ ಕತ್ತರಿಸುವ ಜೇನಿನ ಮರಿ ರೇಷ್ಮೆಯ ಗೂಡು ನೇಯ್ದುಕೊಂಡ ಮೇಲೆ, ಎಲೆಯ ಗೋಡೆಯ ಮೂಲಕವೇ ಸೂಜಿ ಇಳಿಸಿ ಒಂದೇ ಮರಿಗೆ ಹಲವು ಮೊಟ್ಟೆ ಇಡುತ್ತದೆ. ಹಿಂಗಾಲಿನ ತೊಡೆಯಲ್ಲಿ ಒಂದು ಪುಟ್ಟ ಹಲ್ಲು ಇರುತ್ತದೆ. ಗಂಡಿಗೆ ಬಾಲದ ಸೂಜಿ ಇಲ್ಲ, ಆದ್ದರಿಂದ ಬಾಲವಿಲ್ಲದ ಹಸಿರು ಹುಳವೂ ಜೊತೆಗೆ ಸಿಕ್ಕರೆ ಗಾಬರಿಯಾಗಬೇಡಿ. ಇದೇ ಅಳತೆಗಿಂತ ಸ್ವಲ್ಪ ಸಣ್ಣ, ಕಪ್ಪು ಹಸಿರಿನ, ಗಂಡು ಹೆಣ್ಣು ಎರಡಕ್ಕೂ ಬಾಲವಿಲ್ಲದ ಹುಳಗಳು ಗೂಡಿನಿಂದ ಬಂದರೆ ಟೆರೋಮ್ಯಾಲಿಡೇ ಅಂತ ಗುರುತು ಹಾಕಿ, ಕೆಳಗೊಂದು ಪ್ರಶ್ನೆ ಚಿಹ್ನೆ ಇಡಿ.

ಲ್ಯೂಕೋಸ್ಪಿಸ್ ನನಗೆ ಇಷ್ಟದ್ದು. ಕಪ್ಪು ಮೈಗೆ ಹಳದಿ ಪಟ್ಟೆ, ನೋಡಿದರೆ ಸಣ್ಣ ಕಡಜವೇ ಅನ್ನಿಸುತ್ತದೆ. ಅಳತೆ ಹೆಚ್ಚುಕಡಿಮೆ 5ರಿಂದ 15 ಮಿಲಿಮೀಟರ್. ಕಡಜದ ಹಾಗೆಯೇ ರೆಕ್ಕೆಯನ್ನು ಉದ್ದಕ್ಕೆ ಮಡಚಿಕೊಳ್ಳುತ್ತದೆ. ಇಲ್ಲೇ ಜನ ಮೋಸ ಹೋಗುವುದು. ಹಿಂಗಾಲಿನ ತೊಡೆ ನೋಡಿ, ಪೈಲ್ವಾನನ ತೊಡೆಯಂತೆ ಉಬ್ಬಿ ಕೆಳಗೆ ಹಲ್ಲುಗಳಿರುತ್ತವೆ. ಇನ್ನು ಬೆನ್ನು ನೋಡಿ. ಹೆಣ್ಣಿನ ಸೂಜಿ ಹಿಂದಕ್ಕೆ ಚಾಚಿರುವುದಿಲ್ಲ, ಮೇಲಕ್ಕೆ ತಿರುಗಿ ಹೊಟ್ಟೆಯ ಮೇಲಿನ ತೋಡಿನಲ್ಲಿ ಮಲಗಿರುತ್ತದೆ. ಈ ಸೂಜಿಯನ್ನು ಬಿಚ್ಚಿ ಒಣಗಿದ ಮಣ್ಣಿನ ಗೋಡೆಯನ್ನೇ ಕೊರೆಯಬಲ್ಲದು. ಒಂದು ಕೋಣೆಯಿಂದ ಒಂದೇ ಹುಳ ಬರುತ್ತದೆ. ಜಾಸ್ತಿ ಮೊಟ್ಟೆ ಬಿದ್ದಿದ್ದರೂ ಮೊದಲು ಒಡೆದ ಮರಿ ಉಳಿದವನ್ನು ಮುಗಿಸಿಬಿಡುತ್ತದೆ.

ಬಣ್ಣದ ಕಣಜ ಅಥವಾ ಕೋಗಿಲೆ ಕಣಜವನ್ನು ಗುರುತಿಸಲು ಮಾರ್ಗದರ್ಶಿಯೇ ಬೇಡ. ನವಿಲಿನ ಕತ್ತಿನ ನೀಲಿ ಹಸಿರು, ಮೈ ತುಂಬ ಸೂಜಿಯಿಂದ ಚುಚ್ಚಿದಂಥ ಗುಳಿ. ಹೊಟ್ಟೆಯ ಅಡಿಭಾಗ ಬೋಗುಣಿಯ ಹಾಗೆ ಒಳಕ್ಕೆ ತಗ್ಗು. ಯಜಮಾನಿ ಕಚ್ಚಲು ಬಂದರೆ ಆ ತಗ್ಗಿನೊಳಗೆ ತಲೆ ಕಾಲು ಸೇರಿಸಿ ಉಂಡೆಯಾಗುತ್ತದೆ, ಹಲ್ಲು ನಾಟುವುದಿಲ್ಲ. ನಮ್ಮಲ್ಲಿ ಮಣ್ಣಿನ ಗೂಡುಗಳಿಗೆ ಬರುವ ದೊಡ್ಡದು ಸ್ಟಿಲ್ಬಮ್ ಸಯಾನ್ಯೂರಮ್. ಅದು ಕಿರುಕಣಜವಲ್ಲ, 2 ಸೆಂಟಿಮೀಟರ್‌ವರೆಗೂ ಇರುತ್ತದೆ. ಆದರೆ ಕ್ರೈಸಿಸ್ ಬಳಗದ ಸಣ್ಣವು 5–6 ಮಿಲಿಮೀಟರ್ ಇರುವುದೂ ಉಂಟು. ಬಾಗಿಲ ಹತ್ತಿರ ಹೊಂಚು ಹಾಕಿ, ಯಜಮಾನಿ ಬೇಟೆಗೆ ಹೋದಾಗ ಒಳಹೊಕ್ಕು ಮೊಟ್ಟೆ ಇಟ್ಟು ಬರುವುದು ಇವುಗಳಲ್ಲಿ ಹಲವದರ ರೂಢಿ.

ಗ್ಯಾಸ್ಟರಪ್ಷನ್ ಅನ್ನುವುದು ಒಣಕಲು ಹುಳ. ಸಣ್ಣ ಕತ್ತು, ಕಡ್ಡಿಯಂಥ ಹೊಟ್ಟೆ. ಆ ಹೊಟ್ಟೆ ಎದೆಯ ಹಿಂತುದಿಗೆ ಅಂಟದೆ ಮೇಲುಗಡೆಗೆ, ಬೆನ್ನಿನ ಹತ್ತಿರ ಅಂಟಿರುತ್ತದೆ. ಹಿಂಗಾಲಿನ ಕೆಳಭಾಗ ಊದಿರುತ್ತದೆ. ಗೂಡಿನ ಬಾಯಿಯ ಮುಂದೆ ಕಾಲು ಇಳಿಬಿಟ್ಟುಕೊಂಡು ಗಾಳಿಯಲ್ಲಿ ತೂಗುತ್ತದೆ. ಇದರ ಮರಿ ಜೇನಿನ ಮೊಟ್ಟೆಯನ್ನು ತಿಂದು, ಆಮೇಲೆ ಅದಕ್ಕೆಂದು ಇಟ್ಟ ಪರಾಗದ ಬುತ್ತಿಯನ್ನೂ ತಿನ್ನುತ್ತದೆ.

ಗೂಡು ಓದುವುದು

ಹುಳ ಸಿಗದಿದ್ದರೂ ಗೂಡು ಸಾಕ್ಷಿ ಹೇಳುತ್ತದೆ. ಇದು ನನಗೆ ಈ ಕೆಲಸದಲ್ಲೇ ಬಹಳ ಸುಖ ಕೊಡುವ ಭಾಗ.

ಮೊದಲು ತೂತು. ಕೊಳವೆಯ ತುದಿಯಲ್ಲಿ ಪೆನ್ಸಿಲ್ ದಪ್ಪದ ದುಂಡು ತೂತು ಇದ್ದರೆ ಯಜಮಾನಿಯ ಮಗಳೋ ಮಗನೋ ಸುಖವಾಗಿ ಹೊರಟಿದ್ದಾರೆ. ಗುಂಡುಸೂಜಿ ಚುಚ್ಚಿದಂಥ 1 ಮಿಲಿಮೀಟರ್ ತೂತು, ಪಕ್ಕದಲ್ಲೋ ಕೋಣೆಗಳ ನಡುವಿನ ಗೋಡೆಯಲ್ಲೋ ಇದ್ದರೆ ಮೆಲಿಟೋಬಿಯಾ. ಹೆಣ್ಣುಗಳು ಒಂದೇ ಜಾಗದಲ್ಲಿ ಸರದಿಯಂತೆ ಕಚ್ಚಿ ಕಚ್ಚಿ ಕೊರೆಯುತ್ತವೆ, ಆಮೇಲೆ ಎಲ್ಲವೂ ಅದೇ ತೂತಿನಲ್ಲಿ ಸಾಲಾಗಿ ಹೊರಡುತ್ತವೆ. ಅದಕ್ಕೇ ನೂರು ಹುಳಕ್ಕೂ ತೂತು ಒಂದೇ ಇರಬಹುದು. 2 ಮಿಲಿಮೀಟರ್ ಹತ್ತಿರದ ತೂತು ಎಲೆ ಗೂಡಿನಲ್ಲಿದ್ದರೆ ಟೋರಿಮಿಡ್‌ಗಳ ಅನುಮಾನ ಪಡಿ. ಕೊಳವೆಯ ಮಧ್ಯದಲ್ಲಿ 3–5 ಮಿಲಿಮೀಟರ್ ತೂತಾದರೆ ಲ್ಯೂಕೋಸ್ಪಿಸ್ ಅಥವಾ ಬಣ್ಣದ ಕಣಜ. ಗಾತ್ರವೊಂದರಿಂದಲೇ ತೀರ್ಪು ಬೇಡ.

ಈಗ ಒಳಗೆ. ಹಳೆಯ ಬ್ಲೇಡಿನಿಂದ ಮಣ್ಣನ್ನು ಹಿಂಬದಿಯಿಂದ, ಅಂದರೆ ಗೋಡೆಗೆ ಅಂಟಿದ್ದ ಕಡೆಯಿಂದ ಬಿಡಿಸಿ. ಅಲ್ಲಿ ಪದರ ತೆಳು. ಗೂಡನ್ನು ತಟ್ಟೆಯ ಮೇಲಿಟ್ಟೇ ಮಾಡಿ, ಉದುರುವ ಪುಡಿಯೂ ಸಾಕ್ಷಿಯೇ.

ಒಣಗಿ ಸುಕ್ಕಾದ ಮರಿಹುಳದ ಚರ್ಮ, ಅದರ ಸುತ್ತ ಅಕ್ಕಿ ನುಚ್ಚಿನಂಥ ಬಿಳಿ ಕೋಶಗಳ ರಾಶಿ, ಯಾವುದಕ್ಕೂ ರೇಷ್ಮೆಯ ಹೊದಿಕೆಯಿಲ್ಲ. ಇದು ಮೆಲಿಟೋಬಿಯಾ. ದಿನ ಹೋದಂತೆ ನುಚ್ಚು ಕಪ್ಪಾಗುತ್ತದೆ. ಜೇನು ನೇಯ್ದ ಗೂಡಿನ ಒಳಗೇ ಹತ್ತರ ಹತ್ತಿರ ದೊಡ್ಡ ಬೆತ್ತಲೆ ಕೋಶಗಳಿದ್ದರೆ ಟೋರಿಮಿಡ್. ಕೋಣೆಯಲ್ಲಿ ಒಂದೇ ಒಂದು ಬೆತ್ತಲೆ ಕೋಶ, ದಪ್ಪ ತೊಡೆ ಈಗಲೇ ಕಾಣುತ್ತಿದೆ ಅಂದರೆ ಲ್ಯೂಕೋಸ್ಪಿಸ್. ಯಜಮಾನಿಯದ್ದಲ್ಲದ ತೆಳು ರೇಷ್ಮೆಯ ಒಂಟಿ ಗೂಡಾದರೆ ಬಣ್ಣದ ಕಣಜ ಇರಬಹುದು.

ಇನ್ನು ಕಣಜವೇ ಅಲ್ಲದ ಕಳ್ಳರು. ಗೂಡಿನ ಬಾಯಿಯಿಂದ ಮುಳ್ಳುಮುಳ್ಳಾದ ಖಾಲಿ ಸಿಪ್ಪೆ ಅರ್ಧ ಹೊರಗೆ ಚಾಚಿ ನಿಂತಿದೆಯಾ? ಅದು ಆಂಥ್ರಾಕ್ಸ್ ಅನ್ನುವ ನೊಣದ್ದು. ಅದರ ಕೋಶಕ್ಕೇ ತಲೆಯಲ್ಲಿ ಕೊಂಬುಗಳಿವೆ, ಅವುಗಳಿಂದಲೇ ಬಾಯಿಯ ಮಣ್ಣು ಒಡೆದು ಬರುತ್ತದೆ. ತಾಯಿ ನೊಣ ಗಾಳಿಯಲ್ಲಿ ನಿಂತು ಮೊಟ್ಟೆಯನ್ನು ಗೂಡಿನ ಬಾಯಿಗೆ ಎಸೆಯುವುದನ್ನು ನೋಡುವುದೇ ಒಂದು ತಮಾಷೆ. ಕೂದಲು ತುಂಬಿದ ಕಂದು ಸಿಪ್ಪೆಗಳು, ಪುಡಿಪುಡಿಯಾದ ಜೇಡದ ಕಾಲುಗಳು ಇದ್ದರೆ ಡರ್ಮೆಸ್ಟಿಡ್ ದುಂಬಿಯ ಮರಿಗಳು ಉಳಿದದ್ದನ್ನು ಬಳಿದು ತಿಂದಿವೆ. ಅವು ಸಾಮಾನ್ಯವಾಗಿ ಕೊಲೆಗಾರರಲ್ಲ, ಕಸ ಗುಡಿಸುವವರು.

ಬಾಟಲಿಯಲ್ಲಿ ಹೊರಬರಿಸುವುದು

ತೂತಿಲ್ಲದ ಗೂಡು ಸಿಕ್ಕರೆ ಒಡೆಯುವುದಕ್ಕಿಂತ ಕಾಯುವುದು ಒಳ್ಳೆಯದು. ಒಂದು ಗೂಡಿಗೆ ಒಂದು ಬಾಟಲಿ. ಇದನ್ನು ನಾನು ಎರಡು ಸಲ ಹೇಳುತ್ತೇನೆ: ಒಂದು ಗೂಡಿಗೆ ಒಂದೇ ಬಾಟಲಿ. ಬಾಯಿಗೆ ಬಟ್ಟೆಯಲ್ಲ, ಸೊಳ್ಳೆ ಪರದೆಯಲ್ಲ, ಬಿಗಿಯಾಗಿ ತುರುಕಿದ ಹತ್ತಿ. ಹತ್ತಿಯಲ್ಲಿ ಗಾಳಿಯಾಡುತ್ತದೆ, ಗಸಗಸೆ ಹುಳ ದಾಟುವುದು ಕಷ್ಟ. ಹತ್ತಿ ಬೆಳೆಯುವ ರಾಯಚೂರಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಬಾಟಲಿಯನ್ನು ಬಿಸಿಲಿಗೂ ತಗಡಿನ ಛಾವಣಿಯ ಕೆಳಗೂ ಇಡಬೇಡಿ, ಬೆಂದುಹೋಗುತ್ತವೆ. ಕಲ್ಲಿನ ಗೋಡೆಯ ಮಾಡ ಇದ್ದರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಚೀಟಿಯಲ್ಲಿ ಊರು, ಗೂಡು ಎಲ್ಲಿತ್ತು, ಯಾರ ಗೂಡು, ತಂದ ತಾರೀಖು ಬರೆಯಿರಿ. ದಿನಕ್ಕೊಮ್ಮೆ ನೋಡಿ. ಹೊರಬಂದ ದಿನವನ್ನೂ ಬರೆಯಿರಿ.

ಹುಳ ಬಂದ ಮೇಲೆ ಬಾಟಲಿಯನ್ನು ಐದು ಹತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟರೆ ಓಡಾಟ ನಿಲ್ಲುತ್ತದೆ. ಮನೆಯವರಿಗೆ ಮೊದಲೇ ಹೇಳಿಡಿ. ಗ್ರಾಫ್ ಹಾಳೆಯ ಮೇಲೆ ಉದುರಿಸಿ ಮೂರು ಫೋಟೋ ತೆಗೆಯಿರಿ: ಮೇಲಿನಿಂದ, ಪಕ್ಕದಿಂದ, ಮುಖದಿಂದ. ಪಕ್ಕದ ಫೋಟೋದಲ್ಲಿ ಹಿಂಗಾಲಿನ ತೊಡೆ, ಸೂಜಿ ಕಾಣಬೇಕು. ಒಂದೇ ಫೋಟೋ ತೆಗೆಯುವುದಾದರೆ ಪಕ್ಕದ್ದೇ ಇರಲಿ.

ಕೆಲವನ್ನು 70 ಶೇಕಡಾ ಆಲ್ಕೋಹಾಲ್‌ನಲ್ಲಿ ಹಾಕಿಡಿ. ಚೀಟಿಯನ್ನು ಪೆನ್ಸಿಲಿನಲ್ಲಿ ಬರೆದು ಬಾಟಲಿಯ ಒಳಗೇ ಹಾಕಿ. ಬಾಲ್‌ಪೆನ್ನಿನ ಶಾಯಿ ಕರಗಿ ಹುಳಕ್ಕೆಲ್ಲ ನೀಲಿ ಬಣ್ಣ ಬರುತ್ತದೆ, ಇದು ನನ್ನದೇ ಪ್ರಯೋಗದ ಫಲ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗದವರನ್ನೋ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದವರನ್ನೋ ವಿಚಾರಿಸುವುದಾದರೆ ಚೀಟಿ ಇರುವ ಇಂಥ ಬಾಟಲಿಗೆ ಬೆಲೆ ಇದೆ, ಚೀಟಿ ಇಲ್ಲದ್ದಕ್ಕೆ ಇಲ್ಲ.

ಜಾತಿಯ ಹೆಸರಿಗೆ ಹಟ ಹಿಡಿಯಬೇಡಿ. ಮೆಲಿಟೋಬಿಯಾದ ಜಾತಿಗಳನ್ನು ಬೇರೆ ಮಾಡಲು ಗಂಡಿನ ಮೀಸೆಯನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಬೇಕಾಗುತ್ತದೆ. ನಮ್ಮಂಥವರಿಗೆ ಬಳಗದ ಹೆಸರು ಸಾಕು. ಕೆಲವೊಮ್ಮೆ ಕುಟುಂಬದ ಹೆಸರು ಹೇಳಿದರೂ ದೊಡ್ಡದೇ.

ಮೋಸ ಹೋಗುವ ಜಾಗಗಳು

ಗೋಡೆಯ ಮೇಲೆ ಕಂಡ ಪ್ರತಿ ಕಿರುಕಣಜವೂ ಗೂಡಿಗೇ ಬಂದದ್ದಲ್ಲ. ಕಪ್ಪು ಮೈ, ಪುಟ್ಟ ಕೊಡಲಿಯಂಥ ಹೊಟ್ಟೆಯನ್ನು ಮೇಲೆ ಕೆಳಗೆ ಬಾವುಟದಂತೆ ಆಡಿಸುತ್ತಾ ಅಡುಗೆಮನೆಯ ಕಿಟಕಿಯಲ್ಲಿ ಓಡಾಡುವುದು ಇವ್ಯಾನಿಯಾ. ಅದರ ಕಣ್ಣು ಜಿರಳೆಯ ಮೊಟ್ಟೆ ಚೀಲದ ಮೇಲೆ. ಅದನ್ನು ಹೊಡೆಯಬೇಡಿ, ಮನೆಗೆ ಬಂದ ನೆಂಟ ಅಂದುಕೊಳ್ಳಿ. ಅರಳಿ ಕಟ್ಟೆ, ಆಲದ ಮರ, ಅತ್ತಿ ಮರ ಹತ್ತಿರ ಇದ್ದರೆ ರಾತ್ರಿ ದೀಪಕ್ಕೆ ಉದ್ದ ಬಾಲದ ಪುಟ್ಟ ಕಣಜಗಳು ಬರುತ್ತವೆ. ಅವು ಆ ಮರಗಳ ಕಾಯಿಯೊಳಗೆ ಹುಟ್ಟುವ ಅತ್ತಿ ಕಣಜಗಳು. ಟೋರಿಮಿಡ್ ಅಂತ ನಾನು ಒಮ್ಮೆ ಹೆಮ್ಮೆಯಿಂದ ಬರೆದಿಟ್ಟಿದ್ದೆ.

ದಪ್ಪ ತೊಡೆ ಕಂಡ ಕೂಡಲೇ ಲ್ಯೂಕೋಸ್ಪಿಸ್ ಅನ್ನಬೇಡಿ. ಬ್ರಾಕಿಮೀರಿಯಾಕ್ಕೂ ಅಂಥದ್ದೇ ತೊಡೆ. ಅದು ರೆಕ್ಕೆ ಮಡಚುವುದಿಲ್ಲ, ಬೆನ್ನ ಮೇಲೆ ಸೂಜಿಯಿಲ್ಲ, ಹೆಚ್ಚಾಗಿ ಚಿಟ್ಟೆ ಪತಂಗಗಳ ಕೋಶದಿಂದ ಬರುತ್ತದೆ. ಚೂಪು ಹೊಟ್ಟೆಯ ಕಪ್ಪು ಜೇನೊಂದು ಎಲೆ ಕತ್ತರಿಸುವ ಜೇನಿನ ಗೂಡಿಗೆ ನುಸುಳಿದರೆ ಅದು ಸೀಲಿಯಾಕ್ಸಿಸ್, ಕೋಗಿಲೆ ಜೇನು. ರೆಕ್ಕೆಯಿಲ್ಲದ, ಮಕಮಲ್ಲಿನಂಥ ಕೂದಲಿನ ದೊಡ್ಡ ಕೆಂಪು ಇರುವೆ ನೆಲದಲ್ಲಿ ಓಡುತ್ತಿದ್ದರೆ ಅದು ಇರುವೆಯಲ್ಲ, ಮ್ಯೂಟಿಲಿಡೇ ಕಣಜದ ಹೆಣ್ಣು. ಮುಟ್ಟಬೇಡಿ. ಇದರ ಮುಳ್ಳು ನಿಜವಾಗಿಯೂ ನೋಯಿಸುತ್ತದೆ.

ಗುರುತು ಸಿಕ್ಕ ಮೇಲೆ

ಕೇಳುವವರೆಲ್ಲ ಮೊದಲು ಕೇಳುವುದು "ಯಾವ ಔಷಧಿ ಹೊಡೀಬೇಕು?" ಅಂತ. ಯಾವುದೂ ಬೇಡ. ಕಣಜಕ್ಕೆ ಹೊಡೆದದ್ದು ಜೇನಿಗೂ ತಾಗುತ್ತದೆ. ಕಬ್ಬು, ಭತ್ತದ ಹೊಲಕ್ಕೆ ಟ್ರೈಕೋಗ್ರಾಮ ಅನ್ನುವ ಕಿರುಕಣಜದ ಕಾರ್ಡ್ ಕಟ್ಟುವ ರೈತರಿಗೆ ಪರತಂತ್ರ ಕಣಜ, ಅಂದರೆ ಬೇರೆ ಹುಳವನ್ನು ತಿಂದು ಬೆಳೆಯುವ ಕಣಜ, ಏನು ಅಂತ ಗೊತ್ತು. ಇವೂ ಅದೇ ಬಳಗ, ಉಣ್ಣುವ ಮನೆ ಬೇರೆ. ಬಣ್ಣದ ಕಣಜ, ಲ್ಯೂಕೋಸ್ಪಿಸ್, ಗ್ಯಾಸ್ಟರಪ್ಷನ್ ಬಂದಿವೆ ಅಂದರೆ ನಿಮ್ಮ ಅಂಗಳದಲ್ಲಿ ಒಂಟಿ ಜೇನುಗಳು ಚೆನ್ನಾಗಿಯೇ ಇವೆ ಅಂತ ಅರ್ಥ. ಬಿಟ್ಟುಬಿಡಿ.

ಮೆಲಿಟೋಬಿಯಾ ಒಂದಕ್ಕೆ ಮಾತ್ರ ನಾನು ಕೈ ಹಾಕುತ್ತೇನೆ, ಅದೂ ಬಿದಿರಿನ ಕಟ್ಟು ತೂಗುಹಾಕಿ ಜೇನು ಸಾಕುವವರಿಗೆ. ಗೋಡೆಯ ಮೇಲಿನ ಒಂಟಿ ಗೂಡಿನಲ್ಲಿ ಅದು ಇದ್ದರೆ ಇರಲಿ. ಆದರೆ ಇಪ್ಪತ್ತು ಮೂವತ್ತು ಗೂಡುಗಳನ್ನು ನಾವೇ ಒಂದೆಡೆ ಪೇರಿಸಿ ಇಟ್ಟರೆ ಅದಕ್ಕೆ ಹಬ್ಬದೂಟ ಹಾಕಿಸಿದ ಹಾಗೆ. ಸೋಂಕಿದ ತುಂಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಫ್ರೀಜರಿನಲ್ಲಿ ಎರಡು ಮೂರು ದಿನ ಇಡಿ, ಅಥವಾ ಒಲೆಗೆ ಹಾಕಿ. ಕಟ್ಟುಗಳನ್ನು ಸಣ್ಣದು ಮಾಡಿ ಬೇರೆ ಬೇರೆ ಗೋಡೆಗೆ ತೂಗುಹಾಕಿ. ಪ್ರತಿ ವರ್ಷ ಹೊಸ ಬಿದಿರು ಹಾಕಿ, ಹಳೆಯದರ ಪಕ್ಕದಲ್ಲಿ ಹೊಸದನ್ನು ಇಡಬೇಡಿ. ತುಂಬಿ ಮುಚ್ಚಿದ ತುಂಡುಗಳನ್ನು ಒತ್ತು ನೇಯ್ಗೆಯ ಬಟ್ಟೆ ಚೀಲದಲ್ಲಿಟ್ಟರೆ ಟೋರಿಮಿಡ್‌ಗಳು ದೂರ ಉಳಿಯುತ್ತವೆ. ಮೆಲಿಟೋಬಿಯಾಕ್ಕೆ ಆ ಚೀಲ ಲೆಕ್ಕಕ್ಕಿಲ್ಲ, ಸೀರೆಯ ಕಥೆ ಹೇಳಿದೆನಲ್ಲ.

ಈ ಸಲ ಸುಣ್ಣ ಹೊಡೆಯುವವರು ಬರುವ ಮುಂಚೆ ಭೂತಗನ್ನಡಿ ಹಿಡಿದು ಒಂದು ಸುತ್ತು ಹಾಕಿ. ಪೆನ್ಸಿಲ್ ದಪ್ಪದ ತೂತಿರುವ ಗೂಡು ಖಾಲಿ ಮನೆ, ಎಲ್ಲ ಕೋಣೆಗೂ ತೂತಿದ್ದರೆ ಧಾರಾಳವಾಗಿ ಕೆರೆಯಬಹುದು. ಗುಂಡುಸೂಜಿ ತೂತಿರುವುದನ್ನು ಬಾಟಲಿಗೆ ಹಾಕಿ ಹತ್ತಿ ತುರುಕಿ. ತೂತೇ ಇಲ್ಲದ್ದರ ಸುತ್ತ ಸೀಮೆಸುಣ್ಣದಿಂದ ಒಂದು ಗುಂಡು ಗುರುತು ಹಾಕಿ, "ಇದನ್ನ ಬಿಟ್ಟು ಹೊಡೀರಿ" ಅಂತ ಹೇಳಿ. ನಮ್ಮ ಪಡಸಾಲೆಯಲ್ಲಿ ಈಗ ಅಂಥ ಮೂರು ಗುಂಡು ಗುರುತಿವೆ. ಗೋಡೆ ನೋಡಿದವರು ನಗುತ್ತಾರೆ.